ಕಟ್ಟಿದವರು ಮತ್ತು ಕಾಯ್ದುಕೊಂಡವರು: ಮೈಕ್ ಲಿಟ್ಲ್ ಹಾಗೂ ವರ್ಡ್‌ಪ್ರೆಸ್‌



ದತ್ತಿ ಉಪನ್ಯಾಸವೆಂದರೆ ಒಬ್ಬ ಕವಿಯನ್ನೋ ವಿದ್ವಾಂಸರನ್ನೋ ಸ್ಮರಿಸಿ ಅವರ ಕೃತಿಗಳ ಬಗ್ಗೆ ಮಾತಾಡುವುದು ನಮ್ಮಲ್ಲಿ ರೂಢಿ. ಇಂದು ನಾನು ಆರಿಸಿಕೊಂಡಿರುವುದು ಇಂಗ್ಲೆಂಡಿನ ಉತ್ತರ ಭಾಗದಲ್ಲಿ, ಮ್ಯಾಂಚೆಸ್ಟರಿನ ಪಕ್ಕದಲ್ಲಿರುವ ಸ್ಟಾಕ್‌ಪೋರ್ಟ್ ಎಂಬ ಊರಿನ ಒಬ್ಬ ಪ್ರೋಗ್ರಾಮರ್ ಅನ್ನು. ಅವರ ಹೆಸರು ಮೈಕ್ ಲಿಟ್ಲ್. ಈ ಸಭೆಯಲ್ಲಿ ಕೈ ಎತ್ತಿಸಿ ಕೇಳಿದರೆ ಈ ಹೆಸರನ್ನು ಕೇಳಿದವರು ಒಬ್ಬಿಬ್ಬರು ಸಿಕ್ಕರೂ ಹೆಚ್ಚು. ಆದರೆ ಅವರು ಕೈಹಾಕಿದ ಕೆಲಸವನ್ನು ಇಲ್ಲಿರುವ ಪ್ರತಿಯೊಬ್ಬರೂ ಬಳಸಿದ್ದೀರಿ. ಅಂತರಜಾಲದಲ್ಲಿ ಒಂದು ಕಥೆ, ಒಂದು ಪುಸ್ತಕ ವಿಮರ್ಶೆ, ಒಂದು ಅಡುಗೆಯ ವಿಧಾನ, ಒಂದು ಕಾಲೇಜಿನ ಪ್ರವೇಶ ಸೂಚನೆ ಓದಿದ್ದರೆ, ಅದು ವರ್ಡ್‌ಪ್ರೆಸ್‌ ಎಂಬ ತಂತ್ರಾಂಶದ ಮೂಲಕ ನಿಮ್ಮನ್ನು ತಲುಪಿರುವ ಸಂಭವ ಬಹಳ. ಜಗತ್ತಿನ ಜಾಲತಾಣಗಳಲ್ಲಿ ಶೇಕಡಾ 40ಕ್ಕೂ ಹೆಚ್ಚು ಇದರ ಮೇಲೆ ನಿಂತಿವೆ. ಇದರ ಸಹಸ್ಥಾಪಕರು ಇಬ್ಬರು. ಒಬ್ಬರು ಅಮೆರಿಕದ ಮ್ಯಾಟ್ ಮಲೆನ್‌ವೆಗ್. ಅವರ ಹೆಸರು ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಇನ್ನೊಬ್ಬರು ಮೈಕ್ ಲಿಟ್ಲ್.

ನಮ್ಮ ನಾಡಿನ ಶಾಸನಗಳನ್ನು ಓದಿದವರಿಗೆ ಒಂದು ಸಂಗತಿ ಗೊತ್ತಿದೆ. ದಾನವನ್ನು ವಿವರಿಸಿದ ಮೇಲೆ, ಕೊನೆಯ ಭಾಗದಲ್ಲಿ, ದಾನ ಮಾಡುವುದಕ್ಕಿಂತ ಮಾಡಿದ ದಾನವನ್ನು ಪಾಲಿಸುವುದು ಹೆಚ್ಚಿನದು ಎಂಬ ಅರ್ಥದ ಮಾತು ಮತ್ತೆ ಮತ್ತೆ ಬರುತ್ತದೆ. ಕೆರೆ ಕಟ್ಟಿಸಿದವನಿಗೆ ಕೀರ್ತಿ ಸಿಕ್ಕಿತು. ಆದರೆ ಒಡೆದ ಏರಿಯನ್ನು ಕಟ್ಟುವವನಿಗೆ, ಹೂಳು ತೆಗೆಯುವವನಿಗೆ, ತೂಬು ನೋಡಿಕೊಳ್ಳುವವನಿಗೆ ಕಟ್ಟುಕೊಡಗೆ, ಬಿತ್ತುವಟ್ಟ ಎಂದು ಭೂಮಿಯನ್ನೇ ಬಿಟ್ಟುಕೊಟ್ಟಿದ್ದು ನಮ್ಮ ಹಿರಿಯರ ವಿವೇಕ. ಮುಕ್ತ ತಂತ್ರಾಂಶವನ್ನು ಅರ್ಥಮಾಡಿಕೊಳ್ಳಲು ಇದಕ್ಕಿಂತ ಹತ್ತಿರದ ದಾರಿ ನನಗೆ ಕಂಡಿಲ್ಲ. ನಾನು ಇಂದು ಹೇಳಬೇಕೆಂದಿರುವುದೂ ಅಷ್ಟೇ: ವರ್ಡ್‌ಪ್ರೆಸ್‌ ಉಳಿದು ಬೆಳೆದದ್ದು, ಬೇರೆಯವರು ಅರ್ಧಕ್ಕೆ ಬಿಟ್ಟದ್ದನ್ನು ಎತ್ತಿಕೊಂಡವರಿಂದ. ಎತ್ತಿಕೊಂಡವರಲ್ಲಿ ಮೊದಲಿಗರು ಮೈಕ್.

ಕಥೆ ಆರಂಭವಾಗುವುದು ಮೆಡಿಟರೇನಿಯನ್ ಸಮುದ್ರದ ಕಾರ್ಸಿಕಾ ದ್ವೀಪದವನಾದ ಮಿಶೆಲ್ ವಾಲ್ಡ್ರಿಗಿಯಿಂದ. 2001ರಲ್ಲಿ ಈತ ಬಿ2 ಎಂಬ ಸಣ್ಣ ತಂತ್ರಾಂಶ ಬರೆದ. ಕೆಫೆಲಾಗ್ ಎಂದೂ ಅದನ್ನು ಕರೆಯುತ್ತಿದ್ದರು. ಆಗ ಜಾಲತಾಣ ಎಂದರೆ ಬಹುಮಟ್ಟಿಗೆ ಕೈಯಲ್ಲಿ ಬರೆದ ಎಚ್‌ಟಿಎಂಎಲ್ ಕಡತಗಳು. ಹೊಸ ಬರಹ ಸೇರಿಸಬೇಕಾದರೆ ಕಡತ ತಿದ್ದಿ ಸರ್ವರಿಗೆ ಏರಿಸಬೇಕು, ಮುಖಪುಟ ಬದಲಿಸಬೇಕು, ಹಳೆಯದರ ಪಟ್ಟಿಯನ್ನೂ ಬದಲಿಸಬೇಕು. ಬಿ2 ಬರಹಗಳನ್ನು ಮೈಎಸ್‌ಕ್ಯೂಎಲ್ ಡೇಟಾಬೇಸಿನಲ್ಲಿ ಇಟ್ಟಿತು. ಓದುಗ ಪುಟ ತೆರೆದಾಗ ಪಿಎಚ್‌ಪಿ ಭಾಷೆಯ ಪ್ರೋಗ್ರಾಮು ಆ ಬರಹವನ್ನು ತೆಗೆದು, ಪುಟ ಕಟ್ಟಿ, ಆ ಕ್ಷಣದಲ್ಲಿ ಕೊಡುತ್ತಿತ್ತು. ಬರೆಯುವವರು ಬ್ರೌಸರಿನಲ್ಲೇ ಬರೆದು ಒಂದು ಗುಂಡಿ ಒತ್ತಿದರೆ ಪ್ರಕಟಣೆ ಮುಗಿಯಿತು. ಮಿಶೆಲ್ ಇದನ್ನು ಜಿಪಿಎಲ್ ಪರವಾನಗಿಯಲ್ಲಿ ಬಿಡುಗಡೆ ಮಾಡಿದ್ದ. ಈ ಒಂದು ನಿರ್ಧಾರ ಇಲ್ಲದಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ.

ಜಿಪಿಎಲ್ ಬಗ್ಗೆ ಎರಡು ಮಾತು. ರಿಚರ್ಡ್ ಸ್ಟಾಲ್ಮನ್ ಅವರು 1989ರಲ್ಲಿ ರೂಪಿಸಿದ, 1991ರಲ್ಲಿ ಎರಡನೆಯ ಆವೃತ್ತಿ ಬಂದ ಈ ಪರವಾನಗಿ ಬಳಕೆದಾರನಿಗೆ ತಂತ್ರಾಂಶವನ್ನು ಓಡಿಸುವ, ಅದರ ಒಳಗನ್ನು ಓದುವ, ತಿದ್ದುವ, ಹಂಚುವ ಹಕ್ಕು ಕೊಡುತ್ತದೆ. ತಿದ್ದಿ ಹಂಚುವವನು ಅದೇ ಹಕ್ಕುಗಳನ್ನು ಮುಂದಿನವನಿಗೂ ಕೊಡಬೇಕು ಎಂಬುದು ಷರತ್ತು. ದತ್ತಿಯ ಮೂಲಧನವನ್ನು ಯಾರೂ ಕರಗಿಸಕೂಡದು ಎಂದು ದಾನಪತ್ರದಲ್ಲಿ ಬರೆಯುತ್ತಾರಲ್ಲ, ಆ ಷರತ್ತಿನ ಜಾತಿಯದೇ ಇದು.

2002ರ ಕೊನೆಯ ವೇಳೆಗೆ ಮಿಶೆಲ್ ಸದ್ದಿಲ್ಲದಂತಾದ. ಬಿ2 ಬಳಸುತ್ತಿದ್ದವರು ತಿಂಗಳುಗಟ್ಟಲೆ ಕಾದರು. ಹೊಸ ಆವೃತ್ತಿ ಇಲ್ಲ, ದೋಷ ಕಂಡರೆ ತಿದ್ದುವವರಿಲ್ಲ. ಒಬ್ಬನೇ ನೋಡಿಕೊಳ್ಳುವ ಸಾರ್ವಜನಿಕ ಸೊತ್ತಿಗೆ ಒದಗುವ ಅಪಾಯ ಇದು. ಆತನಿಗೆ ಕಾಯಿಲೆಯಾಗಬಹುದು, ಕೆಲಸ ಹೋಗಬಹುದು, ಬೇಸರವಾಗಬಹುದು. ಇದರಲ್ಲಿ ಮಿಶೆಲ್‌ನ ತಪ್ಪೇನೂ ಇಲ್ಲವೆಂದು ನಾನು ಒತ್ತಿ ಹೇಳುತ್ತೇನೆ. ಸಂಬಳವಿಲ್ಲದೆ ಕೊಟ್ಟವನು ಇನ್ನಷ್ಟು ಕೊಡಲಿಲ್ಲ ಎಂದು ದೂರುವ ಹಕ್ಕು ಯಾರಿಗೂ ಇಲ್ಲ.

2003ರ ಜನವರಿ 24ರಂದು ಟೆಕ್ಸಾಸಿನ ಹ್ಯೂಸ್ಟನ್ ನಗರದಲ್ಲಿ ಕಾಲೇಜು ಓದುತ್ತಿದ್ದ 19 ವರ್ಷದ ಮ್ಯಾಟ್ ತನ್ನ ಬ್ಲಾಗಿನಲ್ಲಿ ಈ ಸಂಕಟವನ್ನು ಬರೆದ. ಬಿ2 ಪರವಾನಗಿ ನಮ್ಮನ್ನು ತಡೆಯುವುದಿಲ್ಲ, ಅದರಿಂದ ಒಂದು ಕವಲು ತೆಗೆಯಬಹುದು ಎಂಬುದು ಅವನ ಯೋಚನೆ. ಆಗಿನ ಬ್ಲಾಗ್ ತಂತ್ರಾಂಶಗಳಲ್ಲಿ ಮೂವಬಲ್ ಟೈಪ್‌ನ ಹೊಂದಿಕೊಳ್ಳುವ ಗುಣ, ಟೆಕ್ಸ್ಟ್‌ಪ್ಯಾಟರ್ನ್ ಪಠ್ಯವನ್ನು ಸಂಸ್ಕರಿಸುವ ರೀತಿ, ಬಿ2ವಿನ ತಿದ್ದಬಲ್ಲ ಗುಣ, ಬ್ಲಾಗರ್‌ನ ಸುಲಭ ಸ್ಥಾಪನೆ ಎಲ್ಲವೂ ಒಂದೇ ಕಡೆ ಇದ್ದರೆ ಎಂದು ಆಸೆಪಟ್ಟಿದ್ದ. ಇಂಥ ಆಸೆಗಳನ್ನು ದಿನಕ್ಕೆ ನೂರು ಜನ ಬರೆಯುತ್ತಾರೆ. ಮರುದಿನ ಬಂದ ಉತ್ತರದಿಂದ ಈ ಆಸೆಗೆ ಬೇರೆ ಗತಿ ಸಿಕ್ಕಿತು. ನೀವು ಗಂಭೀರವಾಗಿ ಹೇಳುತ್ತಿದ್ದರೆ ನಾನು ಕೈ ಜೋಡಿಸುತ್ತೇನೆ ಎಂಬ ಧಾಟಿಯ ನಾಲ್ಕು ಸಾಲು ಮೈಕ್ ಲಿಟ್ಲ್ ಅವರದು. ಇಬ್ಬರ ನಡುವೆ ಅಟ್ಲಾಂಟಿಕ್ ಸಾಗರವಿತ್ತು. ಒಬ್ಬರನ್ನೊಬ್ಬರು ನೋಡಿರಲಿಲ್ಲ. ಬಿ2 ಬಳಗದಲ್ಲಿ ಒಬ್ಬರ ಕೋಡನ್ನು ಇನ್ನೊಬ್ಬರು ಓದಿದ್ದರು. ಪರಿಚಯಕ್ಕೆ ಅದು ಸಾಕಾಯಿತು, ಮತ್ತು ನನ್ನ ಅಭಿಪ್ರಾಯದಲ್ಲಿ ಅದಕ್ಕಿಂತ ಪ್ರಾಮಾಣಿಕವಾದ ಪರಿಚಯ ಪತ್ರ ಬೇರಿಲ್ಲ. ಒಬ್ಬರು ಬರೆದ ಕೋಡಿನಲ್ಲಿ ಅವರ ತಾಳ್ಮೆಯೂ ಅವಸರವೂ ಎರಡೂ ಕಾಣುತ್ತವೆ.

ಏಪ್ರಿಲ್‌ ಹೊತ್ತಿಗೆ ಕೆಲಸ ನಡೆಯತೊಡಗಿತು. ವರ್ಡ್‌ಪ್ರೆಸ್‌ ಎಂಬ ಹೆಸರು ಕ್ರಿಸ್ಟೀನ್ ಸೆಲೆಕ್ ಟ್ರೆಮೊಲೆ ಸೂಚಿಸಿದ್ದು. 2003ರ ಮೇ 27ರಂದು 0.7 ಎಂಬ ಸಂಖ್ಯೆಯೊಂದಿಗೆ ಮೊದಲ ಆವೃತ್ತಿ ಬಂತು. ಹೊಸ ತಂತ್ರಾಂಶಕ್ಕೆ 0.7 ಏಕೆ? ಅವರು ಬಿ2ವಿನ ಎಣಿಕೆಯನ್ನೇ ಮುಂದುವರಿಸಿದರು. ತಮಗಿಂತ ಹಿಂದಿನವನ ಲೆಕ್ಕವನ್ನು ಅಳಿಸಿ ಒಂದರಿಂದ ಶುರು ಮಾಡಲಿಲ್ಲ. ಮಿಶೆಲ್ ಕೂಡ ಮರಳಿ ಬಂದು ವರ್ಡ್‌ಪ್ರೆಸ್‌ ಅನ್ನೇ ಬಿ2ವಿನ ಅಧಿಕೃತ ಮುಂದುವರಿಕೆ ಎಂದು ಒಪ್ಪಿ, ಅದರ ಬಳಗದಲ್ಲಿ ಸೇರಿಕೊಂಡ. ಅದೇ ಹೊತ್ತಿನಲ್ಲಿ ಐರ್ಲೆಂಡಿನ ಡೊನಾಖ ಓ ಕೀವ್ ಒಂದೇ ಸ್ಥಾಪನೆಯಲ್ಲಿ ಹಲವರು ಬರೆಯುವಂತೆ ಬಿ2ವಿನ ಇನ್ನೊಂದು ಕವಲನ್ನು ಬೆಳೆಸುತ್ತಿದ್ದರು. ಅದೂ ಮುಂದೆ ವರ್ಡ್‌ಪ್ರೆಸ್‌ ಕಡೆಗೆ ಹರಿದು ಬಂತು. 2010ರ 3.0 ಆವೃತ್ತಿಯಲ್ಲಿ ಆ ಹೊಳೆ ಪೂರ್ತಿ ಸೇರಿಕೊಂಡಿತು. ಒಂದು ವಿಶ್ವವಿದ್ಯಾಲಯ ತನ್ನ ಎಲ್ಲ ವಿಭಾಗಗಳ ತಾಣಗಳನ್ನು ಒಂದೇ ಕಡೆಯಿಂದ ನಡೆಸಲು ಸಾಧ್ಯವಾಗಿರುವುದು ಆ ಕೆಲಸದಿಂದ.

ಮೈಕ್ ತಂದ ಕೊಡುಗೆಗಳಲ್ಲಿ ಮುಖ್ಯವಾದದ್ದು ಕೊಂಡಿಗಳ ವ್ಯವಸ್ಥೆ. ಬಿ2ವಿಗಾಗಿಯೇ ಅವರು ಬಿ2ಲಿಂಕ್ಸ್ ಎಂಬುದನ್ನು ಬರೆದಿದ್ದರು. ಅದು ವರ್ಡ್‌ಪ್ರೆಸ್‌ನ ಲಿಂಕ್ ಮ್ಯಾನೇಜರ್ ಆಯಿತು. ಇಂದಿನ ವಿದ್ಯಾರ್ಥಿಗಳಿಗೆ ಇದರ ಮಹತ್ವ ಹೇಳಲೇಬೇಕು. ಆ ದಿನಗಳಲ್ಲಿ ಪ್ರತಿ ಬ್ಲಾಗಿನ ಬದಿಯಲ್ಲಿ ಆ ಲೇಖಕ ಓದುವ ಇತರರ ತಾಣಗಳ ಪಟ್ಟಿ ಇರುತ್ತಿತ್ತು. ಹುಡುಕುತಾಣಗಳು, ಸಾಮಾಜಿಕ ಜಾಲಗಳು ನಮಗೇನು ತೋರಿಸಬೇಕೆಂದು ನಿರ್ಧರಿಸುವ ಕಾಲಕ್ಕೆ ಮುಂಚೆ, ಒಬ್ಬ ಓದುಗ ಇನ್ನೊಬ್ಬ ಲೇಖಕನನ್ನು ತಲುಪುತ್ತಿದ್ದದ್ದು ಈ ಪಟ್ಟಿಯ ಮೂಲಕ. ಸುಮಾರು 2006ರಿಂದ ಮುಂದೆ ಕನ್ನಡದಲ್ಲಿ ಬ್ಲಾಗುಗಳು ಹುಟ್ಟಿದ ಕಾಲವನ್ನು ನೆನಪಿಸಿಕೊಳ್ಳಿ. ಒಂದು ಬ್ಲಾಗು ತೆರೆದರೆ ಪಕ್ಕದಲ್ಲಿ ಹತ್ತು ಹೆಸರು, ಅದರಲ್ಲೊಂದನ್ನು ಒತ್ತಿದರೆ ಅಲ್ಲಿ ಇನ್ನು ಹತ್ತು. ಬೆಂಗಳೂರಿನ ಐಟಿ ಉದ್ಯೋಗಿ, ಸಾಗರದ ಉಪನ್ಯಾಸಕಿ, ಅಮೆರಿಕದ ಯಾವುದೋ ಊರಿನಲ್ಲಿ ನೆಲೆಸಿದ ಕನ್ನಡಿಗ ಒಬ್ಬರನ್ನೊಬ್ಬರು ಓದುವಂತಾದದ್ದು ಹೀಗೆ. ಪರಸ್ಪರ ಮನ್ನಣೆಯ ಒಂದು ಲೋಕ ಅದು. ಆ ಪಟ್ಟಿಯನ್ನು ಕೋಡು ಬಾರದವರೂ ಸೇರಿಸಬಲ್ಲಂತೆ, ವಿಂಗಡಿಸಬಲ್ಲಂತೆ ಮಾಡಿದ ಕೆಲಸಗಳಲ್ಲಿ ಮೈಕ್ ಅವರದೂ ಒಂದು.

ಕಾಲ ಕಳೆದಂತೆ ಆ ಪಟ್ಟಿಗಳು ಮರೆಯಾದವು. 2012ರ ಡಿಸೆಂಬರಿನಲ್ಲಿ ಬಂದ 3.5 ಆವೃತ್ತಿಯಲ್ಲಿ ಲಿಂಕ್ ಮ್ಯಾನೇಜರನ್ನು ಹೊಸ ಸ್ಥಾಪನೆಗಳಲ್ಲಿ ಕಾಣದಂತೆ ಮಾಡಲಾಯಿತು. ಆದರೆ ಹೇಗೆ ಮಾಡಿದರು ನೋಡಿ. ಅದಾಗಲೇ ಬಳಸುತ್ತಿದ್ದವರಿಗೆ ಅದು ಹಾಗೆಯೇ ಉಳಿಯಿತು. ಹೊಸಬರಲ್ಲಿ ಬೇಕೆನ್ನುವವರಿಗೆ ಒಂದು ಪುಟ್ಟ ಪ್ಲಗಿನ್ ಕೊಟ್ಟರು. ಅದು ಮಾಡುವ ಕೆಲಸ ಮುಚ್ಚಿದ ಬಾಗಿಲನ್ನು ತೆರೆಯುವುದಷ್ಟೇ. ಕೋಡು ಒಳಗೇ ಇದೆ. ನೀವು ಇಂದು ವರ್ಡ್‌ಪ್ರೆಸ್‌ ಸ್ಥಾಪಿಸಿದರೂ ಡೇಟಾಬೇಸಿನಲ್ಲಿ ಮೂಡುವ 12 ಕೋಷ್ಟಕಗಳಲ್ಲಿ ಒಂದು ಈ ಕೊಂಡಿಗಳಿಗಾಗಿ ಇರುವುದು. ಹಳೆಯ ಬಳಕೆದಾರನ ಕೈಬಿಡಬಾರದು ಎಂಬ ಈ ನಿಷ್ಠೆಯನ್ನು ಹಲವು ಎಂಜಿನಿಯರುಗಳು ಹೊರೆ ಎನ್ನುತ್ತಾರೆ. ಅವರ ವಾದದಲ್ಲಿ ಹುರುಳಿದೆ. ಪಿಎಚ್‌ಪಿ ಭಾಷೆಯ ಹಳೆಯ ಆವೃತ್ತಿಗಳನ್ನು ವರ್ಡ್‌ಪ್ರೆಸ್‌ ಎಷ್ಟು ಕಾಲ ಸಹಿಸಿಕೊಂಡಿತೆಂದರೆ, 2011ರವರೆಗೂ ಅದು ಪಿಎಚ್‌ಪಿ 4ರ ಮೇಲೆ ಓಡುತ್ತಿತ್ತು, 2019ರವರೆಗೂ 5.2ನ್ನು ಬಿಟ್ಟಿರಲಿಲ್ಲ. ಹೊಸ ಸೌಲಭ್ಯಗಳು ತಡವಾಗಿ ಬರುವುದಕ್ಕೆ ಇದೂ ಕಾರಣ. ಆದರೂ ನಾನು ಈ ನಿಷ್ಠೆಯ ಪರ. ಅಗ್ಗದ ಹೋಸ್ಟಿಂಗ್ ಕೊಂಡು ತಾಲ್ಲೂಕು ಕೇಂದ್ರದಿಂದ ಒಂದು ಸಾಹಿತ್ಯ ಪತ್ರಿಕೆ ನಡೆಸುವವರಿಗೆ ಸರ್ವರಿನಲ್ಲಿ ಯಾವ ಪಿಎಚ್‌ಪಿ ಇದೆ ಎಂಬುದು ಗೊತ್ತಿರುವುದಿಲ್ಲ. ಬೆಳಿಗ್ಗೆ ಎದ್ದಾಗ ತಾಣ ತೆರೆದುಕೊಂಡರೆ ಸಾಕು. ಮುಕ್ತ ತಂತ್ರಾಂಶ ಅಂಥವರಿಗಾಗಿ ಇರಬೇಕು.

ಇಲ್ಲಿ ಮೈಕ್ ಅವರನ್ನು ಸ್ವಲ್ಪ ಹೊತ್ತು ಬಿಟ್ಟು, ಅವರು ಎತ್ತಿಕೊಂಡದ್ದನ್ನು ಮುಂದೆ ಸಾಗಿಸಿದ ಇನ್ನೊಬ್ಬರನ್ನು ಹೇಳದೆ ಇರಲಾರೆ. ರಯಾನ್ ಬೋರೆನ್. 2004ರ ಮೇ 22ರಂದು ಬಂದ 1.2 ಆವೃತ್ತಿಯಲ್ಲಿ ಅವರು ಮಾಡಿದ ಎರಡು ಕೆಲಸಗಳು ಉಳಿದೆಲ್ಲಕ್ಕೂ ಅಡಿಪಾಯ.

ಮೊದಲನೆಯದು ಪ್ಲಗಿನ್ ವ್ಯವಸ್ಥೆ. ಅದಕ್ಕೂ ಮುಂಚೆ ತಂತ್ರಾಂಶಕ್ಕೆ ಹೊಸದೇನಾದರೂ ಸೇರಿಸಬೇಕಾದರೆ ಇಂಥ ಕಡತ ತೆರೆಯಿರಿ, ಇಂಥ ಸಾಲಿಗೆ ಹೋಗಿ, ಅಲ್ಲಿ ಇದನ್ನು ಅಂಟಿಸಿ ಎಂಬ ಸೂಚನೆ ಹಂಚುತ್ತಿದ್ದರು. ಮುಂದಿನ ಆವೃತ್ತಿ ಬಂದು ಕಡತ ಬದಲಾದ ಕೂಡಲೇ ಅಂಟಿಸಿದ್ದೆಲ್ಲ ಅಳಿಸಿಹೋಗುತ್ತಿತ್ತು. ಹಾಗಾಗಿ ಜನ ಆವೃತ್ತಿ ಬದಲಿಸಲು ಹೆದರುತ್ತಿದ್ದರು, ಭದ್ರತೆಯ ದೋಷಗಳು ಹಾಗೇ ಉಳಿಯುತ್ತಿದ್ದವು. ಬೋರೆನ್ ತಂತ್ರಾಂಶದ ಒಳಗೆ ಅಲ್ಲಲ್ಲಿ ಕೊಕ್ಕೆಗಳನ್ನಿಟ್ಟರು. ಬರಹವೊಂದು ಪ್ರಕಟವಾಗುವ ಹೊತ್ತಿನಲ್ಲಿ, ಶೀರ್ಷಿಕೆ ತೆರೆಯ ಮೇಲೆ ಬರುವ ಮುನ್ನ, ಪುಟದ ತಲೆಭಾಗ ಮುಗಿದಾಗ, ತಂತ್ರಾಂಶ ಒಂದು ಕ್ಷಣ ನಿಂತು ಇಲ್ಲಿ ಯಾರಿಗಾದರೂ ಏನಾದರೂ ಮಾಡುವುದಿದೆಯೇ ಎಂದು ಕೇಳುತ್ತದೆ. ಹೊರಗಿನವರು ಬರೆದ ಕೋಡು ಆ ಕೊಕ್ಕೆಗೆ ತಗುಲಿಕೊಳ್ಳುತ್ತದೆ. ಮೂಲ ಕಡತವನ್ನು ಯಾರೂ ಮುಟ್ಟಬೇಕಿಲ್ಲ. ಅಧಿಕೃತ ಸಂಗ್ರಹದಲ್ಲಿ ಇಂದು 50,000ಕ್ಕೂ ಹೆಚ್ಚು ಪ್ಲಗಿನ್‌ಗಳು ಇರುವುದು ಈ ಉಪಾಯದಿಂದ. ಅದರಲ್ಲಿ ಎಷ್ಟೋ ಕಳಪೆ, ಕೆಲವು ಅಪಾಯಕಾರಿ ಎಂಬುದೂ ನಿಜ. ಆದರೂ ತಾನು ಕಾಣದ, ತನಗೆ ಗೊತ್ತೇ ಇಲ್ಲದ ಜನರ ಬೇಡಿಕೆಗಾಗಿ ಜಾಗ ಬಿಟ್ಟು ಕೋಡು ಬರೆಯುವುದು ದೊಡ್ಡ ಮನಸ್ಸಿನ ಕೆಲಸ.

ಆ ಮೇ ತಿಂಗಳು ಇನ್ನೊಂದು ಕಾರಣಕ್ಕೂ ಮುಖ್ಯ. ಆಗ ಬಹುಜನ ಬಳಸುತ್ತಿದ್ದ ಮೂವಬಲ್ ಟೈಪ್ ತನ್ನ 3.0 ಆವೃತ್ತಿಯೊಂದಿಗೆ ಪರವಾನಗಿಯನ್ನು ಬದಲಿಸಿತು. ಉಚಿತ ಬಳಕೆಗೆ ಮಿತಿ ಬಂತು, ಹಲವು ಬ್ಲಾಗು ಹಲವು ಲೇಖಕರಿದ್ದರೆ ಹಣ ಕೊಡಬೇಕಾಯಿತು. ಕಂಪನಿಯೊಂದು ತನ್ನ ಸರಕಿಗೆ ಬೆಲೆ ಕಟ್ಟುವುದು ಅನ್ಯಾಯವೇನಲ್ಲ. ಆದರೆ ಮಾರ್ಕ್ ಪಿಲ್ಗ್ರಿಮ್ ಎಂಬ ಹೆಸರಾಂತ ಪ್ರೋಗ್ರಾಮರ್ ಆಗ ಎತ್ತಿದ ಪ್ರಶ್ನೆ ಬೇರೆಯದು. ನನ್ನ ಬರಹವನ್ನು ಪ್ರಕಟಿಸುವ ಸಾಧನದ ನಿಯಮ ಇನ್ನೊಬ್ಬರ ಕೈಯಲ್ಲಿದ್ದರೆ ನಾಳೆ ಅದು ಹೇಗೂ ಬದಲಾಗಬಹುದಲ್ಲವೇ ಎಂಬುದು ಅದರ ತಿರುಳು. ಹೊಸ ಪರವಾನಗಿಗೆ ತಾನು ತೆರಬೇಕಿದ್ದ 535 ಡಾಲರನ್ನು ಆತ ವರ್ಡ್‌ಪ್ರೆಸ್‌ ಅಭಿವೃದ್ಧಿಪಡಿಸುವವರಿಗೆ ದೇಣಿಗೆಯಾಗಿ ಕೊಟ್ಟು ಅತ್ತ ನಡೆದ. ಅವನ ಹಿಂದೆ ಅನೇಕರು ಹೋದರು. ಅವರು ಬಂದ ಹೊತ್ತಿಗೆ 1.2 ಸಿದ್ಧವಾಗಿತ್ತು. ಒಂದು ವರ್ಷದ ಹಿಂದೆ ಮೈಕ್ ಮತ್ತು ಮ್ಯಾಟ್ ಬಿ2ವನ್ನು ಅದರ ಪಾಡಿಗೆ ಬಿಟ್ಟಿದ್ದರೆ ಇವರೆಲ್ಲ ಬಂದು ಸೇರಲು ಒಂದು ಮನೆ ಇರುತ್ತಿರಲಿಲ್ಲ.

ಬೋರೆನ್ ಅವರ ಎರಡನೆಯ ಕೆಲಸ ಕನ್ನಡಿಗರಾದ ನಮಗೆ ಇನ್ನೂ ಹತ್ತಿರದ್ದು. 1.2ರಲ್ಲಿಯೇ ತಂತ್ರಾಂಶದ ತೆರೆಯ ಮೇಲೆ ಬರುವ ಪದಗಳನ್ನು ಅನುವಾದಿಸಲು ಅವರು ದಾರಿ ಮಾಡಿದರು. ಗೆಟ್‌ಟೆಕ್ಸ್ಟ್ ಎಂಬ ಹಳೆಯ ಮುಕ್ತ ವಿಧಾನವನ್ನು ಬಳಸಿಕೊಂಡು, ಪ್ರಕಟಿಸು, ಅಳಿಸು, ಉಳಿಸು ಎಂಬಂಥ ಪ್ರತಿಯೊಂದು ಪದವನ್ನೂ ಒಂದು ಪುಟ್ಟ ಫಂಕ್ಷನ್ನಿನ ಒಳಗೆ ಸುತ್ತಿಟ್ಟರು. ತಂತ್ರಾಂಶ ಓಡುವಾಗ ಆ ಫಂಕ್ಷನ್ ನಿಮ್ಮ ಭಾಷೆಯ ಕಡತದಲ್ಲಿ ಹುಡುಕುತ್ತದೆ, ಸಿಕ್ಕರೆ ಅದನ್ನು ತೋರಿಸುತ್ತದೆ, ಸಿಗದಿದ್ದರೆ ಇಂಗ್ಲಿಷನ್ನು ತೋರಿಸುತ್ತದೆ. ಸಾವಿರಾರು ಕಡೆ ಇದನ್ನು ಮಾಡುವುದು ಬೇಸರ ಬರಿಸುವ ದುಡಿಮೆ. ಅದರಿಂದ ಇಂಗ್ಲಿಷ್ ಬಳಕೆದಾರನಿಗೆ ಎಳ್ಳಷ್ಟೂ ಲಾಭವಿಲ್ಲ. ಮುಂದೆ ಬಲ್ಗೇರಿಯಾದ ನಿಕೋಲಾಯ್ ಬಚಿಸ್ಕಿ ಕಟ್ಟಿದ ಗ್ಲಾಟ್‌ಪ್ರೆಸ್ ಎಂಬ ಸಲಕರಣೆಯಿಂದ, ಕೋಡು ಗೊತ್ತಿಲ್ಲದವರೂ ಬ್ರೌಸರಿನಲ್ಲಿ ಕುಳಿತು ಅನುವಾದ ಸೇರಿಸುವುದು ಸಾಧ್ಯವಾಯಿತು. ಕನ್ನಡವೂ ಅಲ್ಲಿ ಒಂದು ಭಾಷೆಯಾಗಿ ಇದೆ.

ಕನ್ನಡ ಈ ಸವಲತ್ತನ್ನು ಬಳಸಿಕೊಂಡಿದೆ. ಹರಿಪ್ರಸಾದ್ ನಾಡಿಗ್ ಅವರು ಕಟ್ಟಿದ ಸಂಪದ ತಾಣ ನಿಂತದ್ದು ದ್ರುಪಾಲ್ ಮೇಲೆ. ಅದೂ ಬೆಲ್ಜಿಯಂನ ವಿದ್ಯಾರ್ಥಿಯೊಬ್ಬ ಆರಂಭಿಸಿದ ಮುಕ್ತ ತಂತ್ರಾಂಶವೇ. ಅವಧಿ ಜಾಲಪತ್ರಿಕೆ ಮೊದಲು ಬೆಳೆದದ್ದು ವರ್ಡ್‌ಪ್ರೆಸ್‌ನಲ್ಲಿ. ಹೊನಲು ಜಾಲಪತ್ರಿಕೆ ಅದರಲ್ಲೇ ಇದೆ. ಇವುಗಳ ಹಿಂದೆ ದೊಡ್ಡ ಬಂಡವಾಳವಿರಲಿಲ್ಲ. ಅಚ್ಚಿನ ಪತ್ರಿಕೆಗೆ ಕಾಗದ, ಮುದ್ರಣ, ಅಂಚೆ ಎಂದು ಖರ್ಚು ಮಾಡಲಾಗದವರು ಓದುಗರನ್ನು ಕಟ್ಟಿಕೊಂಡರು. ಹೊಸ ಬರಹಗಾರರ ಒಂದು ತಲೆಮಾರು ಮೊದಲು ಪ್ರಕಟವಾದದ್ದು ಇಂಥ ಕಡೆಗಳಲ್ಲಿ ಎಂದರೆ ಉತ್ಪ್ರೇಕ್ಷೆಯಲ್ಲ.

ಆದರೆ ಲ್ಯಾಟಿನ್ ಅಕ್ಷರವನ್ನು ಮನಸ್ಸಿನಲ್ಲಿಟ್ಟು ಬರೆದ ಕೋಡಿನಲ್ಲಿ ಕನ್ನಡ ಇಕ್ಕಟ್ಟಿಗೆ ಸಿಲುಕುವ ಜಾಗಗಳು ಇನ್ನೂ ಇವೆ. ಇವನ್ನು ವಿವರವಾಗಿ ಹೇಳಬಯಸುತ್ತೇನೆ, ಏಕೆಂದರೆ ಕೊಡುಗೆ ಎಂಬುದು ಇಲ್ಲಿಂದ ಶುರುವಾಗಬಹುದು. ಯೂನಿಕೋಡ್‌ನ ಯುಟಿಎಫ್-8 ವಿಧಾನದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕು. ಇಲ್ಲಿ ಸಂಕೇತ ಎಂದರೆ ವ್ಯಂಜನ ಬೇರೆ, ಅದಕ್ಕೆ ಹಚ್ಚುವ ಗುಣಿತದ ಚಿಹ್ನೆ ಬೇರೆ, ಒತ್ತಕ್ಷರಕ್ಕೆ ನಡುವೆ ಬರುವ ಹಲಂತದ ಚಿಹ್ನೆ ಇನ್ನೊಂದು. ಹಳೆಯ ಮೈಎಸ್‌ಕ್ಯೂಎಲ್ ತಾನಾಗಿ ಲ್ಯಾಟಿನ್ ಎಂದೇ ಎಣಿಸುತ್ತಿದ್ದುದರಿಂದ, ತಾಣವನ್ನು ಒಂದು ಸರ್ವರಿನಿಂದ ಇನ್ನೊಂದಕ್ಕೆ ಸಾಗಿಸುವಾಗ ಕನ್ನಡವೆಲ್ಲ ಗೊಂದಲದ ಚಿಹ್ನೆಗಳಾಗಿಯೋ ಪ್ರಶ್ನಾರ್ಥಕಗಳಾಗಿಯೋ ಬದಲಾಗುತ್ತಿತ್ತು. 2007ರ 2.2 ಆವೃತ್ತಿಯಲ್ಲಿ ಡೇಟಾಬೇಸಿನ ಅಕ್ಷರ ವಿಧಾನವನ್ನು ಖಚಿತವಾಗಿ ಹೇಳುವ ಒಂದು ಸಾಲು ಸೇರಿತು. 2015ರ 4.2ರಲ್ಲಿ ಗ್ಯಾರಿ ಪೆಂಡರ್‌ಗಾಸ್ಟ್ ಮೊದಲಾದವರ ದುಡಿಮೆಯಿಂದ ನಾಲ್ಕು ಬೈಟಿನ ಸಂಕೇತಗಳಿಗೂ ಜಾಗವಾಯಿತು. ಜನ ಅದನ್ನು ಎಮೋಜಿಗಾಗಿ ಎಂದುಕೊಂಡರು. ಒಳಗಿನ ಕಾರಣ ಗಂಭೀರವಾಗಿತ್ತು. ಮೂರು ಬೈಟಿನ ಮಿತಿಯ ಡೇಟಾಬೇಸಿಗೆ ನಾಲ್ಕು ಬೈಟಿನ ಸಂಕೇತ ಬಂದರೆ ಅಲ್ಲಿಂದ ಮುಂದಿನ ಪಠ್ಯವೆಲ್ಲ ಕತ್ತರಿಸಿಹೋಗುತ್ತಿತ್ತು, ಆ ಕತ್ತರಿಕೆಯನ್ನು ಬಳಸಿ ತಾಣದೊಳಗೆ ಕೆಟ್ಟ ಕೋಡು ತೂರಿಸಲು ಬರುತ್ತಿತ್ತು. ಆ ಕಿಂಡಿಯನ್ನು ಮುಚ್ಚುವ ಕೆಲಸ ಎಮೋಜಿಯ ಸಂಭ್ರಮದ ಮರೆಯಲ್ಲಿ ನಡೆಯಿತು.

ಇನ್ನೂ ಉಳಿದಿರುವ ಇಕ್ಕಟ್ಟೊಂದು ಬರಹದ ವಿಳಾಸದ್ದು. ವರ್ಡ್‌ಪ್ರೆಸ್‌ ಶೀರ್ಷಿಕೆಯಿಂದಲೇ ಬರಹದ ವಿಳಾಸ ತಯಾರಿಸುತ್ತದೆ. ಅದಕ್ಕೆ 200 ಅಕ್ಷರಗಳ ಮಿತಿ. ಇಂಗ್ಲಿಷಿಗೆ ಇದು ಧಾರಾಳ. ಕನ್ನಡದ ಒಂದು ಸಂಕೇತ ವಿಳಾಸದೊಳಗೆ ಕೂರುವಾಗ ಶೇಕಡಾ ಚಿಹ್ನೆಗಳೂ ಸೇರಿ ಒಂಬತ್ತು ಅಕ್ಷರವಾಗುತ್ತದೆ. ಹಾಗಾಗಿ ನಮಗೆ ಸಿಗುವುದು ಸುಮಾರು 22 ಸಂಕೇತಗಳು. ‘ಮಲೆನಾಡಿನ ಮಳೆಗಾಲದ ನೆನಪುಗಳು’ ಎಂಬ ಶೀರ್ಷಿಕೆ ಕೊಡಿ. ಮೂರೇ ಪದ, 23 ಸಂಕೇತ. ವಿಳಾಸದಲ್ಲಿ ಕೊನೆಯ ಪದ ‘ನೆನಪುಗಳ’ ಎಂದು ನಿಂತುಬಿಡುತ್ತದೆ, ಕೊನೆಯ ಉಕಾರಕ್ಕೆ ಜಾಗವಿಲ್ಲ. ತಮಿಳು, ತೆಲುಗು, ಮಲಯಾಳಂ, ಹಿಂದಿ ಎಲ್ಲಕ್ಕೂ ಇದೇ ಪಾಡು. ಇದನ್ನು ಬದಲಿಸುವುದು ಸುಲಭವಲ್ಲ, ಏಕೆಂದರೆ ಡೇಟಾಬೇಸಿನ ಕೋಷ್ಟಕದಲ್ಲೇ ಆ ಅಗಲ ನಿಗದಿಯಾಗಿದೆ, ಹಳೆಯ ತಾಣಗಳೆಲ್ಲ ಅದನ್ನು ನಂಬಿಕೊಂಡಿವೆ. ಆದರೆ ಯಾರಾದರೂ ಕುಳಿತು, ಅಳೆದು, ಪರೀಕ್ಷಿಸಿ, ಪರಿಹಾರ ಸೂಚಿಸದೆ ಅದು ತಾನಾಗಿ ಬದಲಾಗುವುದೂ ಇಲ್ಲ.

ಈ ಒಳಗಿನ ದುಡಿಮೆ ಮಾಡಿದವರ ಹೆಸರು ಎಲ್ಲಿ ಉಳಿಯುತ್ತದೆ? ವರ್ಡ್‌ಪ್ರೆಸ್‌ನಲ್ಲಿ ಒಂದು ಒಳ್ಳೆಯ ಪದ್ಧತಿಯಿದೆ. ಕೋಡಿಗೆ ಬದಲಾವಣೆ ಸೇರಿಸುವ ಅಧಿಕಾರವುಳ್ಳವರು ಪ್ರತಿ ಬದಲಾವಣೆಯ ಟಿಪ್ಪಣಿಯಲ್ಲಿ ಅದಕ್ಕೆ ದುಡಿದವರ ಹೆಸರನ್ನು ‘ಪ್ರಾಪ್ಸ್’ ಎಂದು ಬರೆದೇ ಬರೆಯುತ್ತಾರೆ. ದೋಷವನ್ನು ಮೊದಲು ತೋರಿಸಿದವರು, ಪರೀಕ್ಷಿಸಿದವರು, ಒಂದು ಅಲ್ಪವಿರಾಮ ತಿದ್ದಿದವರೂ ಅದರಲ್ಲಿ ಬರುತ್ತಾರೆ. ಆವೃತ್ತಿ ಹೊರಬರುವಾಗ ಆ ಹೆಸರುಗಳ ಪಟ್ಟಿಯೂ ಹೊರಬರುತ್ತದೆ. ಈಚಿನ ಆವೃತ್ತಿಗಳಲ್ಲಿ ನೂರಾರು ಹೆಸರುಗಳಿರುತ್ತವೆ.

ಮತ್ತೆ ಮೈಕ್ ಕಡೆಗೆ ಬರೋಣ. ಅವರು ಸ್ವತಂತ್ರ ಸಲಹೆಗಾರರಾಗಿ ವರ್ಡ್‌ಪ್ರೆಸ್‌ ಕೆಲಸ ಮಾಡುತ್ತ ಬದುಕಿದರು. ಮ್ಯಾಟ್ 2005ರಲ್ಲಿ ಆಟೊಮ್ಯಾಟಿಕ್ ಕಂಪನಿ ಕಟ್ಟಿ ದೊಡ್ಡ ಉದ್ಯಮಿಯಾದ. ಒಂದೇ ದಿನ ಹೊರಟ ಇಬ್ಬರ ದಾರಿ ಇಷ್ಟು ಬೇರೆಯಾಯಿತಲ್ಲ ಎಂದು ಕೆಲವರು ಮರುಗುತ್ತಾರೆ. 2013ರಲ್ಲಿ, ವರ್ಡ್‌ಪ್ರೆಸ್‌ಗೆ ಹತ್ತು ತುಂಬಿದಾಗ, ಮ್ಯಾಂಚೆಸ್ಟರಿನ ಸಾಸ್‌ಕಾನ್ ಸಮ್ಮೇಳನ ಮೈಕ್ ಅವರನ್ನು ಡಿಜಿಟಲ್ ಕ್ಷೇತ್ರದ ಕೊಡುಗೆಗಾಗಿ ಗೌರವಿಸಿತು. ಅದು ತಡವಾಗಿ ಬಂದ ಗೌರವ ಎಂದೇ ನನ್ನ ಭಾವನೆ. ಹಣವನ್ನು ಅಳತೆಗೋಲಾಗಿ ಹಿಡಿದರೆ ಈ ಇಬ್ಬರನ್ನು ಹೋಲಿಸಬಹುದು. ಕೊಡುಗೆಯನ್ನು ಅಳತೆಗೋಲಾಗಿ ಹಿಡಿದರೆ, ಒಬ್ಬನೇ ಇದ್ದ ಹುಡುಗನಿಗೆ ಮೊದಲ ಸಂಗಾತಿಯಾಗಿ ನಿಂತದ್ದಕ್ಕೆ ಬೆಲೆ ಕಟ್ಟುವುದು ಹೇಗೆ ಎಂದು ನನಗೆ ತಿಳಿಯದು.

ಪರವಾನಗಿ ಇದ್ದರೆ ಎಲ್ಲವೂ ಸುರಕ್ಷಿತ ಎಂದು ನಂಬಿದ್ದವರಿಗೆ 2024 ಕಠಿಣ ವರ್ಷವಾಯಿತು. ಆ ಸೆಪ್ಟೆಂಬರಿನಲ್ಲಿ ಮ್ಯಾಟ್ ಮತ್ತು ಡಬ್ಲ್ಯೂಪಿ ಎಂಜಿನ್ ಎಂಬ ಹೋಸ್ಟಿಂಗ್ ಕಂಪನಿಯ ನಡುವೆ ವ್ಯಾಪಾರಮುದ್ರೆಯ ಬಗ್ಗೆ, ಕೊಡುಗೆಯ ಬಗ್ಗೆ ಬಹಿರಂಗ ಜಗಳವಾಯಿತು. ವರ್ಡ್‌ಪ್ರೆಸ್‌ ಬಳಸಿ ಲಾಭ ಮಾಡುವವರು ಅದಕ್ಕೆ ಮರಳಿ ಸಾಕಷ್ಟು ಕೊಡುತ್ತಿಲ್ಲ ಎಂಬುದು ಮ್ಯಾಟ್ ದೂರು. ಆ ಕಂಪನಿಗೆ ಪ್ಲಗಿನ್ ಮತ್ತು ಆವೃತ್ತಿ ಹಂಚುವ ಅಧಿಕೃತ ಸರ್ವರಿನ ಪ್ರವೇಶವನ್ನು ತಡೆಹಿಡಿಯಲಾಯಿತು. ವಿಷಯ ಕ್ಯಾಲಿಫೋರ್ನಿಯಾದ ನ್ಯಾಯಾಲಯಕ್ಕೆ ಹೋಗಿ, ಡಿಸೆಂಬರಿನಲ್ಲಿ ಪ್ರವೇಶ ಮರಳಿಸುವಂತೆ ಮಧ್ಯಂತರ ಆದೇಶ ಬಂತು. ಕೊಡದೆ ಪಡೆಯುವವರ ಬಗ್ಗೆ ಮ್ಯಾಟ್ ಎತ್ತಿದ ಪ್ರಶ್ನೆ ನ್ಯಾಯವಾದದ್ದು. ಆದರೆ ನಡುವೆ ಸಿಲುಕಿದವರು ಆ ಹೋಸ್ಟಿಂಗ್ ಕೊಂಡ ಸಾಮಾನ್ಯ ತಾಣಗಳ ಒಡೆಯರು. ಕೋಡು ಎಲ್ಲರದು, ಅದನ್ನು ಹಂಚುವ ಸರ್ವರು ಒಬ್ಬರ ಕೈಯಲ್ಲಿ ಎಂಬ ಸತ್ಯ ಆಗ ಎಲ್ಲರಿಗೂ ಕಂಡಿತು. ಬಿ2 ಕಾಲದಲ್ಲಿ ಒಬ್ಬನ ಮೌನ ಅಪಾಯವಾಗಿತ್ತು, ಈಗ ಒಬ್ಬನ ಅಧಿಕಾರ. ಹಂಚಿಕೆಯ ವ್ಯವಸ್ಥೆಯನ್ನೂ ಹಲವರ ಕೈಗೆ ಕೊಡುವ ಪ್ರಯತ್ನಗಳು ಆಮೇಲೆ ಶುರುವಾಗಿವೆ. ಅವು ನೆಲೆ ನಿಲ್ಲಬೇಕೆಂಬುದು ನನ್ನ ಹಂಬಲ.

ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗೆ ಉತ್ತರಿಸಿ ಮುಗಿಸುತ್ತೇನೆ. ಇಷ್ಟು ದೊಡ್ಡ ತಂತ್ರಾಂಶದಲ್ಲಿ ನಾವು ಎಲ್ಲಿಂದ ಶುರು ಮಾಡುವುದು ಎನ್ನುತ್ತೀರಿ. ಕೈಗೆಟುಕುವ ಒಂದನ್ನು ತೋರಿಸುತ್ತೇನೆ. 0.7 ಆವೃತ್ತಿಯಲ್ಲಿಯೇ ಬರಹಕ್ಕೊಂದು ಸಾರಾಂಶ ಬರೆಯುವ ಅನುಕೂಲ ಬಂದಿತ್ತು. ಲೇಖಕ ಸಾರಾಂಶ ಬರೆಯದಿದ್ದರೆ ತಂತ್ರಾಂಶವೇ ಬರಹದ ಮೊದಲ 55 ಪದಗಳನ್ನು ಎತ್ತಿಕೊಳ್ಳುತ್ತದೆ. ವಿಭಕ್ತಿ, ಪ್ರತ್ಯಯ, ಸಂಧಿ, ಸಮಾಸ ಎಲ್ಲ ಒಂದೇ ಪದದಲ್ಲಿ ಕೂಡಿಕೊಳ್ಳುವ ಕನ್ನಡದಲ್ಲಿ 55 ಪದವೆಂದರೆ ಇಂಗ್ಲಿಷಿನ 55ಕ್ಕಿಂತ ಸಾಕಷ್ಟು ಉದ್ದ. ಮುಖಪುಟದಲ್ಲಿ ಒಂದು ಬರಹದ ಸಾರಾಂಶವೇ ಅರ್ಧ ತೆರೆಯನ್ನು ತುಂಬುತ್ತದೆ. ಈಗಿನ ಆವೃತ್ತಿಗಳಲ್ಲಿ ಆ 55 ಎಂಬ ಅಂಕಿಯನ್ನೂ ಅನುವಾದದ ಫಂಕ್ಷನ್ನಿನಲ್ಲಿ ಸುತ್ತಿಟ್ಟಿದ್ದಾರೆ. ಅಂದರೆ ಪ್ರತಿ ಭಾಷೆಯ ಅನುವಾದಕರು ತಮ್ಮ ಭಾಷೆಗೆ ಹೊಂದುವ ಸಂಖ್ಯೆಯನ್ನು ಅಲ್ಲಿ ಬರೆಯಬಹುದು. ಕನ್ನಡಕ್ಕೆ ಅದು 30 ಇರಬೇಕೋ 35 ಇರಬೇಕೋ ಎಂದು ನಿರ್ಧರಿಸಲು ಪ್ರೋಗ್ರಾಮಿಂಗ್ ಬೇಕಿಲ್ಲ. ನಾಲ್ಕಾರು ಬಗೆಯ ಬರಹಗಳನ್ನು ತೆಗೆದುಕೊಳ್ಳಿ, ಕಥೆ, ವರದಿ, ವಿಮರ್ಶೆ, ಅಂಕಣ. ಎಲ್ಲಿ ನಿಲ್ಲಿಸಿದರೆ ಓದುಗನಿಗೆ ವಿಷಯ ತಿಳಿಯುತ್ತದೆ, ಫೋನಿನ ತೆರೆಯಲ್ಲಿ ಎಷ್ಟು ಸಾಲು ಬರುತ್ತದೆ ಎಂದು ಎಣಿಸಿ ನೋಡಿ. ಕನ್ನಡ ವಿಭಾಗದವರೂ ಕಂಪ್ಯೂಟರ್ ವಿಭಾಗದವರೂ ಒಟ್ಟಿಗೆ ಕುಳಿತರೆ ಒಂದು ಶನಿವಾರದ ಕೆಲಸ. ಫಲಿತಾಂಶವನ್ನು ಕಾರಣಗಳ ಸಮೇತ ಕನ್ನಡ ಅನುವಾದದ ಬಳಗದ ಮುಂದಿಡಿ. ಅವರು ಒಪ್ಪಿದರೆ, ಮುಂದಿನ ಅನುವಾದ ಕಡತ ಹಂಚಿಕೆಯಾದಾಗ ಕನ್ನಡವನ್ನು ಆರಿಸಿಕೊಂಡ ಪ್ರತಿಯೊಂದು ತಾಣಕ್ಕೂ ಆ ಅಂಕಿ ಹೋಗುತ್ತದೆ.